ಡಿಸೆಂಬರ್ ಐದೋ, ಮೇ ಹನ್ನೆರಡೋ

ಸೊಂಡೆಸ್ ಕೆಲಸ ಮಾಡುತ್ತಿದ್ದದ್ದು ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಸ್ಫಾಕ್ಸ್ ಪಟ್ಟಣದಿಂದ ಮಹ್ದಿಯಾ ಕಡೆ ಹೋಗುವ ರಸ್ತೆಯ ಊರುಗಳಲ್ಲಿ ಯಾರಿಗೆ ಜಾಲತಾಣ ಬೇಕಾದರೂ ಅವಳ ಕೋಣೆಯ ಮೆಟ್ಟಿಲು ಹತ್ತುತ್ತಿದ್ದರು. ಮದುವೆ ಛತ್ರದವರು, ಹಲ್ಲಿನ ಡಾಕ್ಟರು, ಡ್ರೈವಿಂಗ್ ಶಾಲೆಯವರು ಎಲ್ಲರೂ ಬಂದು ಹೋದವರೇ. ಆದರೆ ತಾನು ಮಾಡಿದ್ದರಲ್ಲಿ ಅವಳಿಗೇ ಹೆಮ್ಮೆಯಿದ್ದದ್ದು ಹೆಂಶೀರ್ ಗರ್ಬಿ ಎಂಬ ಊರಿನ ಎಣ್ಣೆಗಾಣದ ಸಹಕಾರ ಸಂಘದ ಸೈಟಿನ ಬಗ್ಗೆ. ಮೊದಲೆಲ್ಲ ಆಲಿವ್ ಕೊಯ್ಲು ಶುರುವಾಯಿತೆಂದರೆ ಗಾಣದ ಮುಂದೆ ಪಿಕಪ್‌ಗಳು ಹಗಲಿರುಳು ಸಾಲುಗಟ್ಟುತ್ತಿದ್ದವು. ಪಾಳಿಗಾಗಿ ಅಣ್ಣತಮ್ಮಂದಿರೇ ಕೊರಳಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಅವಳ ಸೈಟು ಬಂದ ಮೇಲೆ ರೈತರು ಮನೆಯಲ್ಲೇ ಕೂತು ಫೋನಿನಲ್ಲಿ ದಿನ ಗೊತ್ತುಮಾಡಿಕೊಂಡು, ಅದಕ್ಕೆ ಸರಿಯಾಗಿ ಕಾಯಿ ಇಳಿಸಿ, ನೆಟ್ಟಗೆ ಬಂದು ಅರೆಸಿಕೊಂಡು ಹೋಗತೊಡಗಿದರು.

ಈ ಸಲ ಅಕ್ಟೋಬರಿನಲ್ಲಿ ಸಂಘದ ಸಮಿತಿ ಆ ಕೆಲಸವನ್ನು ಅವಳ ಕೈಯಿಂದ ಬಿಡಿಸಿ ರಾಜಧಾನಿ ಟ್ಯೂನಿಸ್‌ನ ಒಂದು ಕಂಪನಿಗೆ ಒಪ್ಪಿಸಿತ್ತು. ಸೈಟು ಕೂತಿದ್ದ ಸರ್ವರ್ ಮುದಿ ಕತ್ತೆಯಂತಾಗಿತ್ತು, ಅದನ್ನು ಬದಲಿಸಲೇಬೇಕಿತ್ತು. ಅದಕ್ಕೆ ಅವಳದೂ ಒಪ್ಪಿಗೆಯಿತ್ತು. "ಬದ್ಲಾಯಿಸಿ, ಬೇಡ ಅನ್ನಲ್ಲ. ಆದ್ರೆ ಕೊಯ್ಲಿನ ನಡುವೆ ಮಾತ್ರ ಮುಟ್ಟಬೇಡಿ. ಫೆಬ್ರುವರಿ ಕಳೀಲಿ" ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು. "ಕೆಲಸ ಕೈತಪ್ಪುತ್ತೆ ಅಂತ ನಮ್ಮನ್ನ ಹೆದರಿಸ್ತಿದಾಳೆ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಕೆಲವರು ನಕ್ಕರು. ಸೊಂಡೆಸ್ ಎಲ್ಲ ವಹಿಸಿಕೊಟ್ಟು ಬಂದಿದ್ದಳು. ಆ ನಗು ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಡಿಸೆಂಬರ್ ಐದರ ಮಂಗಳವಾರ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಲಾಮೀನ್ ಫೋನು ಮಾಡಿದಾಗ ಅವಳು ಎತ್ತಬಾರದೆಂದೇ ಇದ್ದಳು. ಮೂರನೆಯ ಸಲಕ್ಕೆ ಎತ್ತಿದಳು.

"ಮಗಳೇ, ಸೊಂಡೆಸ್, ಇಲ್ಲಿ ಪ್ರಳಯ ಆಗ್ಹೋಗಿದೆ. ಮೊನ್ನೆ ರಾತ್ರಿ ಹೊಸ ಸರ್ವರಿಗೆ ದಾಟಿಸಿದ್ರು, ನಿನ್ನೆಯಿಂದ ಯಾರ ಪಾಳಿ ಯಾವಾಗ ಅಂತ ದೇವರಿಗೂ ಗೊತ್ತಿಲ್ಲ."

"ಕಂಪನಿಯೋರು ಇದಾರಲ್ಲ ಅಮ್ಮಿ ಲಾಮೀನ್" ಎಂದಳು ಅವಳು ತಣ್ಣಗೆ. ಊರಿನ ಹಿರಿಯ ಗಂಡಸರನ್ನು ಅಲ್ಲಿ ಅಮ್ಮಿ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು.

"ಅವ್ರು ಸರಿಮಾಡಿದ್ಮೇಲೇ ಇಷ್ಟು ಕೆಟ್ಟಿದ್ದು!"

ಆ ಕಡೆ ಗದ್ದಲ, ಎಳೆದಾಟ. ಯಾರೋ ಫೋನು ಕಸಿದುಕೊಂಡ ಸದ್ದು. ಆಮೇಲೆ ಒಡಕು ಗಂಟೆಯಂಥ ಒಂದು ಹೆಣ್ಣುದನಿ. ಅದು ಮಬ್ರೂಕಾಳದು. ಗಂಡ ತೀರಿಕೊಂಡ ಮೇಲೆ ತನ್ನ ಮರಗಳನ್ನು ತಾನೇ ಏಣಿ ಹತ್ತಿ ಇಳಿಸುವ ಹೆಂಗಸು ಅವಳು. ಊರಿನ ಅರ್ಧ ಜನಕ್ಕೆ ಖಾಲ್ತಿ, ಅಂದರೆ ಚಿಕ್ಕಮ್ಮ, ಉಳಿದರ್ಧಕ್ಕೆ ತಲೆನೋವು.

"ಲೇ ಹುಡುಗಿ, ನನ್ನ ಚೀಲದೊಳಗೆ ಕೈಯಿಟ್ರೆ ಬೆಚ್ಚಗೆ ಹೊಡೀತಿದೆ. ಕಾಯಿ ಕುದೀತಾ ಇದೆ. ನಿನ್ ಸಿಟ್ಟು ಆಮೇಲೆ ಆರ‍್ಲಿ, ಮೊದ್ಲು ಇದು ಆರ‍್ಬೇಕು. ಬರ‍್ತೀಯೋ ಇಲ್ವೋ?"

ಸೊಂಡೆಸ್ ಕಂಪ್ಯೂಟರನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿದಳು.

ಗಾಣದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಿಕಪ್‌ಗಳು ಗೇಟಿನಿಂದ ಹೊರಗೆ ರಸ್ತೆಯವರೆಗೂ ನಿಂತಿದ್ದವು. ಚೀಲಗಳ ಮೇಲೆ ಕೂತ ಹೆಂಗಸರು ತಬೂನಾ ರೊಟ್ಟಿ ಹರಿದು ಹರೀಸಾ ಖಾರಕ್ಕೆ ಅದ್ದಿ ತಿನ್ನುತ್ತ, ತಿನ್ನುತ್ತಲೇ ಬೈಯುತ್ತ ಇದ್ದರು. ಗಾಣದ ಒಳಗೆ ಯಂತ್ರಗಳು ಸುಮ್ಮನಿದ್ದವು. ಕೊಯ್ಲಿನ ತಿಂಗಳಲ್ಲಿ ಅವು ಹಾಗೆ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಹಿಂದಿನ ಸಂಜೆ ಇಬ್ಬರು ರೈತರು ತೂಕದ ಮನೆಯಲ್ಲಿ ಹೊಡೆದಾಡಿಕೊಂಡಿದ್ದರಂತೆ. ಪಾಳಿ ಖಚಿತವಾಗುವವರೆಗೆ ಗುಂಡಿ ಒತ್ತುವುದಿಲ್ಲವೆಂದು ಗಾಣದ ಕೆಲಸಗಾರರು ಕೈಕಟ್ಟಿ ಕೂತಿದ್ದರು.

ತೂಕದ ಮನೆಯ ಗೋಡೆಯ ಟಿವಿಯಲ್ಲಿ ದಿನದ ಪಾಳಿಯವರ ಹೆಸರು ಬರಬೇಕು. ಅದರಲ್ಲಿ ಬರೀ ಎರಡು ಹೆಸರಿದ್ದವು. ಆ ಇಬ್ಬರನ್ನು ಲಾಮೀನ್ ನಿನ್ನೆ ಸಂಜೆಯಷ್ಟೇ ತನ್ನ ಕಂಪ್ಯೂಟರಿನಿಂದ ಸೇರಿಸಿದ್ದನಂತೆ.

ಸೊಂಡೆಸ್ ಅಲ್ಲೇ ಇದ್ದ ಲಾಮೀನನ ಮೇಜಿನ ಮೇಲೆ ಕಂಪ್ಯೂಟರು ತೆರೆದು ಪಾಳಿಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಏಪ್ರಿಲ್ ಹನ್ನೆರಡಕ್ಕೆ ಒಂದು ದಂಡು. ಮೇ ಹನ್ನೆರಡಕ್ಕೆ ಇನ್ನೊಂದು. ಜೂನ್, ಜುಲೈ, ಎಲ್ಲವೂ ಹನ್ನೆರಡೇ. ಕೆಲವರ ಹೆಸರಿನ ಮುಂದೆ ತಾರೀಖಿನ ಜಾಗವೇ ಖಾಲಿ.

"ಅಮ್ಮಿ ಲಾಮೀನ್, ನಾವು ತಾರೀಖು ಹೇಗೆ ಬರೀತೀವಿ?"

"ಇದೇನು ಪ್ರಶ್ನೆ? ದಿನ, ತಿಂಗಳು, ವರ್ಷ."

"ಅಮೆರಿಕದೋರು ತಿಂಗಳು ಮೊದ್ಲು ಬರೀತಾರೆ, ದಿನ ಆಮೇಲೆ. ಈ ಹೊಸ ಸರ್ವರ್ ಅಮೆರಿಕದ ಕ್ರಮದಲ್ಲಿ ಕೂತಿದೆ. ಯಾರೂ ಅದನ್ನ ಬದಲಾಯಿಸಿಲ್ಲ. ನೀವು ಐದು, ಹನ್ನೆರಡು ಅಂತ ಬರೆದ್ರೆ ಅದು ಐದನೇ ತಿಂಗಳ ಹನ್ನೆರಡು ಅಂತ ಓದ್ಕೊಂಡಿದೆ. ಡಿಸೆಂಬರ್ ಐದಕ್ಕೆ ಬರಬೇಕಾದೋರು ಮೇ ಹನ್ನೆರಡಕ್ಕೆ ಹೋಗ್ಬಿಟ್ಟಿದಾರೆ."

"ಮತ್ತೆ ಈ ಖಾಲಿ ಇರೋದು?"

"ಹದಿನಾಲ್ಕು, ಹನ್ನೆರಡು ಅಂತ ಬರೆದ್ರೆ? ಹದಿನಾಲ್ಕನೇ ತಿಂಗಳು ಎಲ್ಲಿದೆ? ಅರ್ಥ ಆಗ್ಲಿಲ್ಲ, ಬಿಟ್ಟುಬಿಟ್ಟಿದೆ."

ಲಾಮೀನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ಎಲ್ಲಾನೂ ತಿರುಗಿಸಿಬಿಡು. ಅಷ್ಟೇ ತಾನೆ?"

"ಅದನ್ನೇ ಅಲ್ವಾ ನಿನ್ನೆ ಕಂಪನಿಯೋರು ಮಾಡಿರೋದು? ಗುರುತು ಇಲ್ಲೇ ಕಾಣ್ತಿದೆ."

ಟ್ಯೂನಿಸ್‌ನ ಕಂಪನಿಯಲ್ಲಿ ಈ ಕೆಲಸ ನೋಡುತ್ತಿದ್ದವನ ಹೆಸರು ವಸೀಮ್. ಅವಳು ಅವನಿಗೆ ಫೋನು ಹಚ್ಚಿದಳು. ಮೊದಲು ಅವನು ಬಿಗಿಯಾಗಿಯೇ ಮಾತಾಡಿದ. ನಮ್ಮ ಸರ್ವರಿನಲ್ಲಿ ದೋಷವಿಲ್ಲ, ನಿಮ್ಮ ಹಳೆಯ ಸೈಟಿನದೇ ಗೊಂದಲ ಎಂದ. ಅವಳು ಕೇಳಿಸಿಕೊಂಡು, "ನಿನ್ನೆ ಎಲ್ಲ ತಾರೀಖನ್ನೂ ಅದಲುಬದಲು ಮಾಡಿದ್ರಲ್ಲ, ಎಷ್ಟು ಸಲ ಮಾಡಿದ್ರಿ?" ಎಂದಳು.

"ಅದ್ಯಾಕೆ ಈಗ?" ಎಂದ ಅವನು.

"ವಸೀಮ್, ಬೈಯೋದಕ್ಕೆ ಕೇಳ್ತಿಲ್ಲ. ನಂಗೆ ಗೊತ್ತಾಗ್ಬೇಕು."

"ಮೊದಲನೇ ಸಲ ಮಾಡಿದಾಗ ಪರದೆ ಮೇಲೆ ಏನೂ ಬದಲಾಗ್ಲಿಲ್ಲ. ಅದಕ್ಕೆ ಇನ್ನೊಂದ್ಸಲ... ಆಮೇಲೆ ನಮ್ಮ ಮ್ಯಾನೇಜರೂ ಒಂದೆರಡು ಸಲ ಒತ್ತಿದ್ರು ಅನ್ಸುತ್ತೆ." ಅವನ ಬಿಗಿಯೆಲ್ಲ ಇಳಿದುಹೋಗಿತ್ತು. "ನಡುವೆ ಜನ ಹೊಸದಾಗಿ ಪಾಳಿ ಹಾಕ್ತಾನೂ ಇದ್ರು. ಯಾವುದು ಸರಿ, ಯಾವುದು ತಿರುವು ಅಂತ ಈಗ ನಂಗೂ ತಿಳೀತಿಲ್ಲ ಅಕ್ಕ."

"ಹಳೇ ಸರ್ವರಿಂದ ಎಲ್ಲಾ ತುಂಬ್ಕೊಂಡು ಬಂದ ಫೈಲ್ ಇದೆಯಲ್ಲ, ಅದನ್ನ ಅಳಿಸಿಲ್ಲ ತಾನೆ?"

"ಇಲ್ಲ. ಇವತ್ತು ಸಂಜೆ ಅಳಿಸೋದಿತ್ತು."

"ಕೈ ಹಚ್ಚಬೇಡ! ಹಾಗೇ ನಂಗೆ ಕಳ್ಸು. ಸರ್ವರಿನ ಕೀಲಿಯನ್ನೂ ಕೊಡು. ಇನ್ನು ನಾನು ಹೇಳೋವರೆಗೂ ಯಾರೂ ಯಾವ ಗುಂಡೀನೂ ಒತ್ತಕೂಡದು, ನಿಮ್ಮ ಮ್ಯಾನೇಜರೂ ಸಹ."

"ಆಯ್ತು ಅಕ್ಕ" ಎಂದ ಅವನು. ಅವನಿಗೆ ನಿರಾಳವಾದಂತಿತ್ತು.

ಸೊಂಡೆಸ್ ಮಾಡಿದ ಮೊದಲ ಕೆಲಸ ಸೈಟಿನಲ್ಲಿ ಹೊಸ ಪಾಳಿ ಹಿಡಿಯುವುದನ್ನೇ ನಿಲ್ಲಿಸಿದ್ದು. ಲಾಮೀನ್ ಬೆದರಿದ. ಜನ ಇನ್ನೂ ರೇಗುತ್ತಾರೆ, ಸಮಿತಿಯವರಿಗೆ ಏನು ಹೇಳುವುದು ಎಂದ.

"ನೆಲ ಒರೆಸೋವಾಗ ಜನ ಚಪ್ಪಲಿ ಹಾಕ್ಕೊಂಡು ಓಡಾಡ್ತಿದ್ರೆ ಒರೆಸಿದ ಹಾಗಾಗುತ್ತಾ ಅಮ್ಮಿ? ಬಾಗಿಲು ಹಾಕ್ಲೇಬೇಕು" ಎಂದಳು. "ನೀವು ಹೊರಗೆ ಹೋಗಿ ಒಂದು ಮಾತು ಹೇಳಿ. ಪಾಳಿ ಸರಿ ಆಗೋವರೆಗೂ ಗಾಣ ನಿಲ್ಲಬೇಕಾಗಿಲ್ಲ. ಯಾರ ಕಾಯಿ ಇಳಿಸಿ ಜಾಸ್ತಿ ದಿನ ಆಗಿದೆಯೋ ಅವ್ರದ್ದು ಮೊದ್ಲು ಅರೀಲಿ."

"ಪಾಳಿ ಇಲ್ದೆ ಹೇಗೆ? ಸಂಘದ ನಿಯಮ..."

"ನಿಯಮ ಮಾಡಿರೋದು ಕಾಯಿ ಕೆಡದೇ ಇರ‍್ಲಿ ಅಂತ ತಾನೆ?"

ಲಾಮೀನ್ ಟೋಪಿ ಇಟ್ಟುಕೊಂಡು ಹೊರಗೆ ಹೋದ. ಅವನ ದನಿ ಅಂಗಳದ ಗದ್ದಲದಲ್ಲಿ ಏಳುತ್ತ ಮುಳುಗುತ್ತ ಕೇಳಿಸಿತು. ಒಬ್ಬೊಬ್ಬರ ಚೀಲಕ್ಕೂ ಕೈ ಹಾಕಿ, ಬಿಸಿ ನೋಡಿ, ಮುದುಕರಿಬ್ಬರು ತೀರ್ಪು ಕೊಡುವುದೆಂದಾಯಿತು. ಮೊದಲ ತೀರ್ಪೇ ಮಬ್ರೂಕಾಳ ಕಡೆ. ಅವಳ ಪಾಳಿ ಸೋಮವಾರವೇ ಇತ್ತು. ಟಿವಿಯಲ್ಲಿ ಹೆಸರಿಲ್ಲವೆಂದು ನಿನ್ನೆ ಅವಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದರು. ಕೊನೆಗೂ ಯಂತ್ರಗಳು ಗುಡುಗಿ ಎದ್ದವು. ಹಿಂಡಿಯ ಘಾಟು ತೂಕದ ಮನೆಯವರೆಗೂ ಬಂತು.

ಆ ಗುಡುಗು ಕೇಳಿದ ಮೇಲೆ ಸೊಂಡೆಸ್‌ಳ ಬೆರಳುಗಳು ಕೀಲಿಮಣೆಯ ಮೇಲೆ ಓಡತೊಡಗಿದವು.

ಕೆಲಸದ ಒಂದು ಪಾಲು ಸುಲಭದ್ದು. ತಾರೀಖು ಓದುವ ಕ್ರಮವನ್ನು ಸರ್ವರಿನ ಮರ್ಜಿಗೆ ಬಿಡದೆ, ಇಲ್ಲಿ ದಿನವೇ ಮೊದಲು ಎಂದು ಸೈಟಿನಲ್ಲೇ ಕಟ್ಟಿಹಾಕಿದಳು. ಒಳಗೆ ಬರೆದಿಡುವಾಗ ವರ್ಷ, ತಿಂಗಳು, ದಿನ ಎಂಬ ಒಂದೇ ಸಾಲು. ನಾಳೆ ಸರ್ವರು ಯಾವ ದೇಶಕ್ಕೆ ಹೋದರೂ ಅದು ಅಡಿಮೇಲಾಗದು. ಜನರ ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ತಿಂಗಳನ್ನು ಅಂಕಿಯಲ್ಲಿ ತೋರಿಸುವುದನ್ನು ತೆಗೆದು ಹೆಸರಿನಲ್ಲೇ ಬರುವಂತೆ ಮಾಡಿದಳು. ಇದನ್ನು ನಾನು ಮೊದಲೇ ಮಾಡಬಹುದಿತ್ತಲ್ಲ ಎಂದು ಅವಳಿಗೇ ಅನಿಸಿತು. ಹಳೆಯ ಸರ್ವರು ಫ್ರೆಂಚರ ಕ್ರಮದಲ್ಲಿ ಕೂತಿತ್ತು, ಎಲ್ಲ ಸರಿಹೋಗುತ್ತಿತ್ತು, ಯಾರೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ವಸೀಮ್ ಕಳಿಸಿದ ಫೈಲು ಬಂತು. ಅದರಲ್ಲಿ ಹಳೆಯ ಪಾಳಿಗಳೆಲ್ಲ ರೈತರು ಬರೆದ ಹಾಗೆಯೇ ಇದ್ದವು. ಅವನ್ನು ದಿನ ಮೊದಲು ಎಂದು ಮತ್ತೆ ಓದಿಸಿದರಾಯಿತು. ಆದರೆ ಅವಳು ನೇರವಾಗಿ ಸೈಟಿಗೆ ಸುರಿಯಲಿಲ್ಲ. ತನ್ನ ಕಂಪ್ಯೂಟರಿನಲ್ಲೇ ಒಂದು ನಕಲು ಮಾಡಿ ಅದರ ಮೇಲೆ ಪ್ರಯೋಗಿಸಿದಳು. ಲಾಮೀನ್ ಮಿನಿಟಿಗೊಮ್ಮೆ ಬಂದು ಹೆಗಲ ಮೇಲಿಂದ ಇಣುಕುತ್ತಿದ್ದ.

"ಇನ್ನೂ ಎಷ್ಟೊತ್ತು ಮಗಳೇ? ಹಾಕಿಬಿಡು."

"ತಡ ಮಾಡಿದ್ರೆ ಬೈತೀರಿ, ಬೈಸ್ಕೋತೀನಿ. ಇನ್ನೊಂದ್ಸಲ ತಪ್ಪಾದ್ರೆ ಬೈಸ್ಕೊಳ್ಳೋಕೂ ಮುಖ ಇರಲ್ಲ. ಖಾಲ್ತಿ ಮಬ್ರೂಕಾನ ಕರೀರಿ."

ಮಬ್ರೂಕಾ ಕೈಯೆಲ್ಲ ಎಣ್ಣೆ ಮಾಡಿಕೊಂಡು ಬಂದಳು. ಅವಳ ಹಿಂದೆ ಇನ್ನೂ ಹತ್ತಾರು ಜನ ಬಂದರು. ಒಬ್ಬೊಬ್ಬರಿಗೂ ತಮ್ಮ ಪಾಳಿ ಯಾವಾಗ ಎಂದು ಬಾಯಲ್ಲಿ ಹೇಳಿಸಿ, ಸೊಂಡೆಸ್ ನಕಲಿನಲ್ಲಿ ನೋಡಿ ತಾಳೆ ಹಾಕಿದಳು. ಸೋಮವಾರ ನಾಲ್ಕು, ಸರಿ. ಗುರುವಾರ ಏಳು, ಸರಿ. ಹದಿನೆಂಟು ಎಂದವನ ಹೆಸರಿನ ಮುಂದೆ ಹದಿನೆಂಟೇ ಇತ್ತು. ಕೊನೆಗೊಬ್ಬ ಮುದುಕ, "ನಂದು ಹನ್ನೆರಡು, ಡಿಸೆಂಬರ್ ಹನ್ನೆರಡು" ಎಂದ.

"ನಿಮ್ಮದು ಕೆಟ್ಟೇ ಇರ‍್ಲಿಲ್ಲ ಅಜ್ಜ. ಹನ್ನೆರಡನ್ನ ಹಿಂದುಮುಂದು ಮಾಡಿದ್ರೂ ಹನ್ನೆರಡೇ."

"ನೋಡಿದ್ರಾ?" ಮುದುಕ ಎದೆಯುಬ್ಬಿಸಿ ಸುತ್ತ ತಿರುಗಿದ. "ದಿನ ಆರಿಸೋದಕ್ಕೂ ತಲೆ ಬೇಕು."

ಜನ ನಕ್ಕರು. ಅಂದು ಅಲ್ಲಿ ಕೇಳಿಸಿದ ಮೊದಲ ನಗು ಅದು. ಸೊಂಡೆಸ್ ಹಳೆಯ ಪಾಳಿಗಳನ್ನೆಲ್ಲ ಸೈಟಿಗೆ ಏರಿಸಿದಳು. ಟಿವಿಯಲ್ಲಿ ಹೆಸರುಗಳು ಒಂದರ ಕೆಳಗೊಂದು ಮೂಡಿದಾಗ ಯಾರೋ ಹಿಂದಿನಿಂದ ಉಲುಲು ಎಂದು ಮದುವೆಮನೆಯ ಕೇಕೆ ಹಾಕಿದರು.

ಉಳಿದದ್ದು ಕಠಿಣವಾದ ಪಾಲು. ಹೊಸ ಸರ್ವರು ಬಂದ ಮೇಲೆ ಹಿಡಿದ ಪಾಳಿಗಳು, ಬದಲಿಸಿಕೊಂಡ ಪಾಳಿಗಳು. ಇವಕ್ಕೆ ಹಳೆಯ ಫೈಲಿನಲ್ಲಿ ಗುರುತಿಲ್ಲ. ಕೆಲವನ್ನು ಲಾಮೀನ್ ತನ್ನ ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ಒತ್ತಿ ಹಾಕಿದ್ದ, ಅವು ಮೊದಲು ಸರಿಯಾಗಿಯೇ ಕೂತಿದ್ದವು. ಕಂಪನಿಯವರ ಅದಲುಬದಲುಗಳ ನಡುವೆ ಸಿಕ್ಕಿ ಅವುಗಳಲ್ಲೂ ಕೆಲವು ಕೆಟ್ಟಿದ್ದವು. ಸೊಂಡೆಸ್ ಗಲ್ಲಕ್ಕೆ ಕೈಕೊಟ್ಟು ಕೂತಳು. ಯಾವುದು ತಿರುವು, ಯಾವುದು ನೇರ?

ಲಾಮೀನ್ ಕೆಂಪು ಚಹಾ ತಂದಿಟ್ಟು, "ಮೇ ಅಂತೆ, ಜೂನ್ ಅಂತೆ. ಜೂನ್‌ನಲ್ಲಿ ಯಾವ ಪುಣ್ಯಾತ್ಮ ಆಲಿವ್ ಅರೆಸ್ತಾನೆ?" ಎಂದು ಗೊಣಗಿದ.

ಸೊಂಡೆಸ್ ತಲೆಯೆತ್ತಿದಳು. "ಅಮ್ಮಿ, ಗಾಣ ಮುಚ್ಚೋದು ಯಾವಾಗ?"

"ಫೆಬ್ರುವರಿ ಕೊನೆಗೆ."

"ಹಾಗಾದ್ರೆ ಮಾರ್ಚ್‌ನಿಂದ ಆಚೆಗೆ ಕೂತಿರೋದೆಲ್ಲ ತಿರುವೇ. ಕಳೆದುಹೋದ ತಾರೀಖಿಗೆ ಕೂತಿರೋದೂ ತಿರುವೇ. ಆಗಿಹೋದ ದಿನಕ್ಕೆ ಯಾರೂ ಪಾಳಿ ಕೇಳಲ್ಲ." ಅವಳ ಬೆರಳುಗಳು ಆಗಲೇ ಓಡುತ್ತಿದ್ದವು. ಚಹಾ ಆರಿಹೋಯಿತು. ಆರಿದ್ದನ್ನೇ ಕುಡಿದಳು. ಜನವರಿ ಎರಡೋ ಫೆಬ್ರುವರಿ ಒಂದೋ ಎಂದು ಹೇಳಲಾಗದವು ಕೆಲವಿದ್ದವು. ಅಂಥವರಿಗೆ ಫೋನು ಮಾಡಿ ಕೇಳಿದಳು. ದಿನ ದೂರವಿತ್ತು, ಅವರು ಗಡಿಬಿಡಿಯಿಲ್ಲದೆ ಇದ್ದದ್ದು ಇದ್ದಂತೆ ಹೇಳಿದರು.

ಕೊನೆಗೆ ಖಾಲಿ ಬಿದ್ದವರು. ಅವರನ್ನು ಅವರ ಬಾಯಿಂದಲೇ ಕೇಳದೆ ಬೇರೆ ದಾರಿಯಿರಲಿಲ್ಲ. ಸೊಂಡೆಸ್ ಅಂಗಳಕ್ಕೆ ಬಂದು ಹೆಸರು ಕೂಗತೊಡಗಿದಳು, ಅಲ್ಲಿಲ್ಲದವರಿಗೆ ಲಾಮೀನ್ ಫೋನು ಹಚ್ಚಿದ. ಹೆಚ್ಚಿನವರು ಹದಿನೈದು, ಇಪ್ಪತ್ತು, ಇಪ್ಪತ್ತಾರು ಎಂದು ಹೇಳಿ ಬರೆಸಿ ಹೋದರು. ಗಾಜಿಯ ಹೆಸರು ಬಂದಾಗ ಅವನು ತನ್ನ ಹೊಸ ಕಾರಿಗೆ ಒರಗಿಕೊಂಡೇ, "ನಂದು ಇವತ್ತು. ಡಿಸೆಂಬರ್ ಐದು. ನಿಮ್ಮ ಕಂಪ್ಯೂಟ್ರು ನುಂಗಿಹಾಕಿದೆ" ಎಂದ. ಊರಿನ ಅತಿ ದೊಡ್ಡ ತೋಟ ಅವನದು. ಅಕ್ಟೋಬರಿನ ಸಭೆಯಲ್ಲಿ ಹಿಂದಿನ ಸಾಲಿನ ಮಾತು ಅವನದೇ ಎಂದು ದನಿ ಕೇಳಿದ ಕೂಡಲೇ ಸೊಂಡೆಸ್‌ಗೆ ಗೊತ್ತಾಯಿತು.

ಅವಳು ದನಿಯೇರಿಸದೆ, ಮರ್ಯಾದೆಯ 'ಸಿ' ಹಚ್ಚಿಯೇ ಕರೆದಳು. "ಸಿ ಗಾಜಿ, ಐದನೇ ತಾರೀಖು ಬರೆದೋರದ್ದು ಮೇ ತಿಂಗಳಿಗೆ ಹೋಗಿದೆ, ಖಾಲಿ ಆಗಿಲ್ಲ. ಖಾಲಿ ಆಗ್ಬೇಕು ಅಂದ್ರೆ ಹದಿಮೂರು ಅಥ್ವಾ ಅದರ ಆಚೆಯ ದಿನ ಬರೆದಿರ‍್ಬೇಕು."

"ಅದು ನಿನ್ ಲೆಕ್ಕ. ನಂಗೆ ಇವತ್ತೇ ಆಗ್ಬೇಕು."

"ಆಗ್ಲಿ. ಕಾಯಿ ಎಲ್ಲಿದೆ?"

"ತೋಟದಲ್ಲಿದೆ."

"ತೋಟದಲ್ಲಿ ಸರಿ. ನೆಲದ ಮೇಲಿದೆಯೋ, ಮರದ ಮೇಲಿದೆಯೋ?"

"ಮರದ ಮೇಲೆ. ಇಳಿಸೋದೆಷ್ಟೊತ್ತು?" ಎಂದ ಗಾಜಿ. ಮಬ್ರೂಕಾ ಬಿಟ್ಟಾಳೆಯೇ? "ಮರಾನೇ ಕಿತ್ತು ಗಾಣಕ್ಕೆ ಹಾಕ್ತಾನೆ ಬಿಡಿ, ದೊಡ್ಡೋರಲ್ವಾ!" ಎಂದಳು. ಅಂಗಳವಿಡೀ ಗೊಳ್ಳೆಂದಿತು. ಗಾಜಿಯ ಕಿವಿ ಕೆಂಪಾಯಿತು. ಸೊಂಡೆಸ್‌ಗೂ ನಗು ಬಂದಿತ್ತು. ಆದರೆ ಅವಳು ನಗಲಿಲ್ಲ. ಹಾಗೆ ನಗಿಸಿಕೊಳ್ಳುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. "ನೆನಪು ಮಾಡ್ಕೊಂಡು ಹೇಳಿ ಸಿ ಗಾಜಿ, ಬರ‍್ಕೋತೀನಿ" ಎಂದಷ್ಟೇ ಅಂದಳು.

"ಇಪ್ಪತ್ತೊಂಬತ್ತು ಇರ‍್ಬೇಕು" ಎಂದ ಅವನು ಕಾರಿನ ಬಾಗಿಲು ತೆರೆಯುತ್ತ.

ಇಳಿಹೊತ್ತಿನ ಅಸ್ರ್ ನಮಾಜಿನ ವೇಳೆಗೆ ಪಟ್ಟಿಯಲ್ಲಿ ಖಾಲಿ ಜಾಗ ಉಳಿದಿರಲಿಲ್ಲ. ಸೊಂಡೆಸ್ ಸೈಟಿನ ಬಾಗಿಲು ತೆರೆದು, ಪ್ರತಿಯೊಬ್ಬರಿಗೂ ಅವರ ದಿನ, ತಿಂಗಳ ಹೆಸರಿನ ಸಮೇತ, ಹೊಸ ಮೆಸೇಜು ಹೋಗುವಂತೆ ಮಾಡಿದಳು. ಅಂಗಳದಲ್ಲಿ ಜೇಬುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ತಪ್ಪಿಹೋದ ಎರಡು ದಿನದವರನ್ನು ವಾರವಿಡೀ ಮುಂಜಾನೆ ಒಂದು ತಾಸು ಮೊದಲೇ ಗಾಣ ಶುರುಮಾಡಿ ತುಂಬಿಕೊಡುವುದೆಂದು ಲಾಮೀನ್ ಕೆಲಸಗಾರರನ್ನು ಒಪ್ಪಿಸಿದ.

ಎಲ್ಲವೂ ಸರಿಹೋಗಲಿಲ್ಲ. ಮಬ್ರೂಕಾಳ ಎಣ್ಣೆಯನ್ನು ಪರೀಕ್ಷೆ ಮಾಡಿದಾಗ ಹುಳಿ ಏರಿತ್ತು, ಮೊದಲ ದರ್ಜೆಗೆ ಸಲ್ಲಲಿಲ್ಲ. ಅವಳ ಚೀಲಗಳು ಕಾಯುವುದನ್ನು ತಡೆದುಕೊಂಡಿರಲಿಲ್ಲ. ಇನ್ನೂ ಕೆಲವರದ್ದು ಹಾಗೆಯೇ ಆಯಿತು. ಸೊಂಡೆಸ್ ಅವಳ ಡಬ್ಬಿಗಳ ಪಕ್ಕ ನಿಂತು, "ಬರೋ ವರ್ಷ ನಿಂಗೇ ಮೊದಲ ಪಾಳಿ ಕೊಡಿಸ್ತೀನಿ ಖಾಲ್ತಿ" ಎಂದಳು.

"ನಾಲಿಗೆ ಕಚ್ಕೋ!" ಎಂದಳು ಮಬ್ರೂಕಾ. "ನಂಗೆ ಸರದಿ ಬಿಟ್ಟು ಕೊಟ್ರೆ ಆ ಗಾಜಿಗೂ ನಂಗೂ ಏನೇ ವ್ಯತ್ಯಾಸ? ನನ್ನ ದಿನ ನಂಗಿರ‍್ಲಿ, ಅದು ಅದರ ಜಾಗದಲ್ಲೇ ಇರ‍್ಲಿ. ಅಷ್ಟು ಮಾಡು." ಆಮೇಲೆ ತುಸು ಮೆತ್ತಗಾಗಿ, "ಇದನ್ನ ಮನೆಗೆ ಇಟ್ಕೋತೀನಿ, ಉಳಿದಿದ್ದಕ್ಕೆ ಸೋಪು ಕಾಯಿಸ್ತೀನಿ. ಒಂದು ಚೂರು ನಿಂಗೂ ಇದೆ" ಎಂದಳು.

ಗುರುವಾರ ಸಮಿತಿ ಅವಳನ್ನು ಕರೆಸಿತು. ಕಂಪನಿಯನ್ನು ಓಡಿಸಿ ಎಲ್ಲ ನಿನಗೇ ಕೊಡುತ್ತೇವೆ ಎಂದರು. ಸೊಂಡೆಸ್ ಬೇಡವೆಂದಳು. "ಸರ್ವರ್ ಅವ್ರದ್ದು ಚೆನ್ನಾಗಿದೆ, ಅದು ಅವ್ರ ಹತ್ರಾನೇ ಇರ‍್ಲಿ. ಪಾಳಿಯ ಕೆಲಸ ಮಾತ್ರ ನಾನು ನೋಡ್ತೀನಿ. ಒಂದು ಮಾತು ಬರೆದುಕೊಡಿ. ನವೆಂಬರಿಂದ ಫೆಬ್ರುವರಿವರೆಗೆ ಯಾರೂ ಏನೂ ಬದಲಾಯಿಸೋ ಹಾಗಿಲ್ಲ, ನಾನೂ ಸಹ." ಈ ಸಲ ಹಿಂದಿನ ಸಾಲಿನವರೂ ಒಪ್ಪಿಗೆಗೆ ಕೈಯೆತ್ತಿದರು. ಲಾಮೀನ್ ಅಲ್ಲೇ ಕೂತು ಬರೆದು, ಎಲ್ಲರ ಸಹಿ ಹಾಕಿಸಿದ.

ಅವಳು ಹೊರಬಂದಾಗ ಗೇಟಿನ ಹತ್ತಿರ ಪೇಟೆಯ ಬೂಟು ಹಾಕಿದ ಒಬ್ಬ ತರುಣ ಮಿಠಾಯಿ ಪೊಟ್ಟಣ ಹಿಡಿದು ನಿಂತಿದ್ದ. ವಸೀಮ್. ಬೆಳಗಿನ ರೈಲಿಗೇ ಟ್ಯೂನಿಸ್ ಬಿಟ್ಟು ಬಂದಿದ್ದನಂತೆ.

"ಗಾಣ ಹೇಗಿರುತ್ತೆ ಅಂತ ನಾನು ನೋಡೇ ಇರ‍್ಲಿಲ್ಲ ಅಕ್ಕ" ಎಂದ ಅವನು. "ಪರದೆ ಮೇಲೆ ಬರೀ ಹೆಸರು, ಅಂಕಿ."

"ಯಾರೇ ಇದು, ಆ ಗುಂಡಿ ಒತ್ತಿದೋನಾ?" ಮಬ್ರೂಕಾ ಅಲ್ಲಿಗೂ ಬಂದಾಗಿತ್ತು. ಅವಳು ಪೊಟ್ಟಣವನ್ನು ಅವನ ಕೈಯಿಂದ ಇಸಿದುಕೊಂಡು, ಬಿಚ್ಚಿ, ಒಂದನ್ನು ಬಾಯಿಗೆ ಹಾಕಿಕೊಂಡಳು. "ಮಿಠಾಯಿ ಪರವಾಗಿಲ್ಲ. ಬಾ ಇಲ್ಲಿ, ನಮ್ಮ ಅಣ್ಣನ ಪಿಕಪ್ ಈಗ ಬಂದಿದೆ, ಇವತ್ತು ಅವನ ಪಾಳಿ. ಚೀಲ ಇಳಿಸು, ಅಂಕಿ ಎಷ್ಟು ಭಾರ ಅಂತ ಗೊತ್ತಾಗ್ಲಿ."

ವಸೀಮ್ ಸೊಂಡೆಸ್ ಕಡೆ ನೋಡಿದ. ಅವಳು ಚೀಲದ ಒಂದು ತುದಿ ಹಿಡಿದು, ಇನ್ನೊಂದನ್ನು ಅವನಿಗೆ ಕಣ್ಣಲ್ಲೇ ತೋರಿಸಿದಳು. ಅವನು ಅಂಗಿಯ ತೋಳು ಮಡಚಿಕೊಂಡು ಬಗ್ಗಿದ. ಇಬ್ಬರೂ ಸೇರಿ ಮೊದಲ ಚೀಲವನ್ನು ತಕ್ಕಡಿಯ ಮೇಲಿಟ್ಟರು.